ಅಪ್ಪನ ಮಿಲಿಟರಿ ಕಾಗದದಲ್ಲಿ ‘ಭೀಮ್ ರಾಯ್’, ಅವ್ವ ‘ಶಾಂತಿ ದೇವಿ’: ಸರಿ ಮಾಡಿಸೋದು ಹೇಗೆ?

ಜೇವರ್ಗಿ ಮಗಳು
ಎಲ್ಲರಿಗೂ ಶರಣು. ನಮ್ಮಪ್ಪ ಮಾಜಿ ಸೈನಿಕರು. 1970ರಲ್ಲಿ ಭರ್ತಿಯಾಗಿ 1988ರಲ್ಲಿ ಹವಾಲ್ದಾರ್ ಆಗಿ ಪಿಂಚಣಿ ಮೇಲೆ ಬಂದವರು. ಅಪ್ಪ, ಅವ್ವ ಜೇವರ್ಗಿ ತಾಲೂಕಿನ ಹಳ್ಳಿಯಲ್ಲಿದ್ದಾರೆ. ನಾನು ಕಲಬುರಗಿಯಲ್ಲಿ. ಸಮಸ್ಯೆ ಹೆಸರಿನದು. ಇಲ್ಲಿ ನಿಜವಾದ ಹೆಸರು ಹಾಕಿಲ್ಲ, ಅದೇ ಥರದ ಹೆಸರು ಹಾಕಿದ್ದೇನೆ.

ಅಪ್ಪನ ಹೆಸರು ಭೀಮರಾಯ. ಊರಿನ ಎಲ್ಲ ಕಾಗದದಲ್ಲೂ ‘ಭೀಮರಾಯ ತಂದೆ ಸಾಬಣ್ಣ’. ಆದರೆ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ಪುಸ್ತಕ), ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ) ಎರಡರಲ್ಲೂ ‘ಭೀಮ್ ರಾಯ್’ ಅಂತ ಎರಡು ತುಂಡು. ಅವ್ವನದು ಇನ್ನೂ ಚಂದ. ತವರಿನ ಹೆಸರು ಶಾಂತಮ್ಮ. ಮದುವೆಯಲ್ಲಿ ನಮ್ಮ ಅಜ್ಜಿ ಮಹಾದೇವಿ ಅಂತ ಹೊಸ ಹೆಸರಿಟ್ಟರು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಎಲ್ಲ ಕಡೆ ಮಹಾದೇವಿ. ಪಿಪಿಒದಲ್ಲಿ ಮಾತ್ರ ‘ಶಾಂತಿ ದೇವಿ’! ಹುಟ್ಟಿದ ದಿನಾಂಕದ ಜಾಗ ಖಾಲಿ.

ಇಷ್ಟು ವರ್ಷ ಯಾರೂ ಕೇಳಲಿಲ್ಲ. ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ‘ಬದುಕಿದ್ದೇನೆ’ ಅಂತ ಸಹಿ ಹಾಕಿ ಬರುತ್ತಿದ್ದರು, ಮುಗೀತು. ಸ್ಪರ್ಶ್ (ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಬಂದ ಮೇಲೆ ಆಧಾರ್ ಹೆಸರಿಗೂ ಪಿಪಿಒ ಹೆಸರಿಗೂ ತಾಳೆ ಆಗುತ್ತಿಲ್ಲ. ಅವ್ವನ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನ ಅರ್ಜಿಯೂ ವಾಪಸ್ ಬಂತು. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಎರಡು ಸಲ ಸ್ಪೀಡ್ ಪೋಸ್ಟ್ ಹಾಕಿದೆ, ಉತ್ತರವೇ ಇಲ್ಲ. ಅಪ್ಪನಿಗೆ ಹೇಳಿದರೆ “ಮಿಲ್ಟ್ರಿ ಬರೆದದ್ದು ತಪ್ಪಲ್ಲ, ನಿಮ್ಮ ಆಧಾರೇ ತಪ್ಪು” ಅಂತಾರೆ. ಯಾರಾದರೂ ಇದನ್ನು ಮಾಡಿಸಿದ್ದೀರಾ?

ಸೇಡಂ ಕಲ್ಲು
ಶಾಂತಿ ದೇವಿ, ಮಹಾದೇವಿ. ದೇವಿ ಅನ್ನೋದಾದರೂ ಹೊಂದಿಕೆ ಆಯ್ತಲ್ವಾ ಅಕ್ಕ 😄

ಯಾದಗಿರಿ ರೈತ
ನಮ್ಮ ದೊಡ್ಡಪ್ಪನದೂ ಇದೇ ಕತೆ. ಸುಮ್ನೆ ಆಧಾರ್ ಬದಲಿಸಿ ಅಂತ ಎಲ್ಲರೂ ಹೇಳ್ತಾರೆ. ಮಾಡಬೇಡಿ. ಯಾಕೆ ಅಂತ ಆಮೇಲೆ ಬರೀತೀನಿ, ಈಗ ಹೊಲದಲ್ಲಿದ್ದೀನಿ.

ತೊಗರಿ ಕಣಜ
ಎಲ್ಲ ಕಾಗದ ಜೋಡಿಸಿ ನೇರವಾಗಿ ಪ್ರಯಾಗ್‌ರಾಜ್‌ಗೆ ಕಳಿಸಿ. ಪಿಪಿಒ ಕೊಡೋದೇ ಅವರು. ನಡುವೆ ಈ ರೆಕಾರ್ಡ್ ಆಫೀಸ್ ಯಾಕೆ?

ನಿವೃತ್ತ ಹೆಡ್ ಕ್ಲರ್ಕ್
ತೊಗರಿ ಕಣಜ ಅವರೇ, ಹಾಗಲ್ಲ. ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ ಕಚೇರಿ) ಪಿಂಚಣಿ ಮಂಜೂರು ಮಾಡುತ್ತೆ, ನಿಜ. ಆದರೆ ಸೈನಿಕನ ಹೆಸರೇನು, ಹೆಂಡತಿ ಯಾರು ಅಂತ ಹೇಳಬೇಕಾದ್ದು ರೆಕಾರ್ಡ್ ಆಫೀಸು. ಅಲ್ಲಿ ದಾಖಲೆ ತಿದ್ದಿ, ಅಲ್ಲಿಂದ ಮುಂದೆ ಹೋದರೇ ಪಿಪಿಒ ಬದಲಾಗೋದು. ನೇರ ಕಳಿಸಿದ ಕಾಗದ ತಿರುಗಿ ಅಲ್ಲಿಗೇ ಬರುತ್ತೆ, ಅಷ್ಟರಲ್ಲಿ ಆರು ತಿಂಗಳು ಹೋಗಿರುತ್ತೆ.

ತಂಗಿ, ನಾನು 22 ವರ್ಷ ಮಿಲಿಟರಿಯಲ್ಲಿ ಕ್ಲರ್ಕ್ ಆಗಿದ್ದವನು. ಎಲ್ಲರೂ ಕ್ಲರ್ಕ್‌ಗೆ ಬಯ್ಯೋಕೆ ಶುರು ಮಾಡುವ ಮೊದಲು ನಮ್ಮ ಕಡೆಯದನ್ನೂ ಕೇಳಿ. ಆಗಿನ ಭರ್ತಿ ಹೇಗಿರುತ್ತಿತ್ತು ಗೊತ್ತಾ? ಮೈದಾನದಲ್ಲಿ ಒಂದು ಮೇಜು. ಎದುರಿಗೆ ಬನಿಯನ್ನಿನಲ್ಲಿ ಸಾಲುಗಟ್ಟಿದ ಹುಡುಗರು. ಹುಡುಗನಿಗೆ ಹಿಂದಿ ಬರಲ್ಲ, ಬರೆಯುವವನಿಗೆ ಕನ್ನಡ ಬರಲ್ಲ. “ನಾಮ್?” “ಭೀಮರಾಯ.” ಅವನ ಕಿವಿಗೆ ಭೀಮ್ ಬೇರೆ, ರಾಯ್ ಬೇರೆ. ಬರೆದ. ಆ ಹಾಳೆ ಟೈಪ್‌ರೈಟರ್‌ಗೆ ಹೋಯ್ತು. ಕಾರ್ಬನ್ ಇಟ್ಟು ನಾಲ್ಕೈದು ನಕಲು. ಕೆಳಗಿನ ನಕಲಲ್ಲಿ ಅಕ್ಷರ ಮಸುಕು. ಆ ಮಸುಕು ನಕಲು ನೋಡಿ ಇನ್ನೊಂದು ಊರಲ್ಲಿ ಇನ್ನೊಬ್ಬ ಇನ್ನೊಂದು ರಿಜಿಸ್ಟರ್ ತುಂಬಿದ.

ಈಗ ಕೆಲಸದ ಮಾತು. ತಪ್ಪು ಎಲ್ಲಿ ಹುಟ್ಟಿತು ಅಂತ ಮೊದಲು ಹುಡುಕಬೇಕು. ಭರ್ತಿ ದಿನದ ಎನ್‌ರೋಲ್‌ಮೆಂಟ್ ಫಾರ್ಮ್, ಅದರ ಮೇಲೆ ಶೀಟ್ ರೋಲ್ (ಸೈನಿಕನ ಸೇವಾ ವಿವರದ ಹಾಳೆ), ಅದರಿಂದ ಡಿಸ್ಚಾರ್ಜ್ ಬುಕ್, ಕೊನೆಗೆ ಪಿಪಿಒ. ಮದುವೆ, ಮಕ್ಕಳು ಎಲ್ಲ ಯೂನಿಟ್ ಹೊರಡಿಸುವ ‘ಪಾರ್ಟ್ ಟೂ ಆರ್ಡರ್’ ಆಗಿ ಶೀಟ್ ರೋಲ್‌ಗೆ ಏರುತ್ತೆ. ಶೀಟ್ ರೋಲ್‌ನಲ್ಲಿ ಸರಿ ಇದ್ದು ಪಿಪಿಒದಲ್ಲಿ ಮಾತ್ರ ತಪ್ಪಿದ್ದರೆ ಅದು ಅವರ ಕೈತಪ್ಪು. ತಿದ್ದುಪಡಿ ಪಿಪಿಒ ಹೊರಡಿಸ್ತಾರೆ, ನಾವು ಕಾರಿಜೆಂಡಮ್ ಅಂತೀವಿ. ಶೀಟ್ ರೋಲ್‌ನಲ್ಲೇ ತಪ್ಪಿದ್ದರೆ ಪುರಾವೆ ಕೊಟ್ಟು ಒಪ್ಪಿಸಬೇಕು. ಎರಡಕ್ಕೂ ಅರ್ಜಿ ಬೇರೆ, ಹಾದಿ ಬೇರೆ. ನೀವು ಎರಡು ಕಾಗದ ಹಾಕಿದ್ದೀರಿ. ಅದರಲ್ಲಿ ‘ಹೆಸರು ತಪ್ಪಾಗಿದೆ, ಸರಿ ಮಾಡಿ’ ಅಂತಷ್ಟೇ ಬರೆದಿದ್ದರೆ ಉತ್ತರ ಬರೋದು ಕಷ್ಟ.

ಜೇವರ್ಗಿ ಮಗಳು
ಹೌದು ಸರ್, ಹಾಗೇ ಬರೆದಿದ್ದೆ 🙈 ಆದರೆ ಶೀಟ್ ರೋಲ್ ನಮ್ಮ ಹತ್ತಿರ ಇಲ್ಲವಲ್ಲ. ಅದರಲ್ಲಿ ಏನಿದೆ ಅಂತ ತಿಳಿಯೋದು ಹೇಗೆ?

ಕಾನೂನು ಕಾಕಾ
ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್. ‘ನನ್ನ ಎನ್‌ರೋಲ್‌ಮೆಂಟ್ ಫಾರ್ಮ್, ಶೀಟ್ ರೋಲ್ ಮತ್ತು ಮದುವೆಯ ಪಾರ್ಟ್ ಟೂ ಆರ್ಡರ್‌ನ ದೃಢೀಕೃತ ನಕಲು ಕೊಡಿ’ ಅಂತ ಒಂದೇ ಸಾಲು ಸಾಕು. ಕತೆ ಬರೀಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಮೊದಲ ಮೇಲ್ಮನವಿ.

ಇನ್ನೊಂದು. ನೀವು ಹಾಕಬೇಡಿ ಮಗಳೇ, ಅಪ್ಪನ ಹೆಸರಲ್ಲೇ ಹಾಕಿಸಿ. ನೀವು ಹಾಕಿದರೆ ‘ಬೇರೆಯವರ ಖಾಸಗಿ ಮಾಹಿತಿ’ ಅಂತ ತಳ್ಳಿಬಿಡುತ್ತಾರೆ.

ಸೇಡಂ ಕಲ್ಲು
ಆದರೆ ಅಪ್ಪ ಯಾವ ಹೆಸರಲ್ಲಿ ಸಹಿ ಹಾಕಬೇಕು? ಭೀಮರಾಯ ಅಂದರೆ ‘ಇಂಥವರು ನಮ್ಮಲ್ಲಿಲ್ಲ’ ಅಂತಾರೆ. ಭೀಮ್ ರಾಯ್ ಅಂದರೆ ತಪ್ಪನ್ನೇ ಒಪ್ಪಿಕೊಂಡ ಹಾಗೆ!

ನಿವೃತ್ತ ಹೆಡ್ ಕ್ಲರ್ಕ್
ತಮಾಷೆಗೆ ಕೇಳಿದರೂ ಒಳ್ಳೆ ಪ್ರಶ್ನೆ. ಮೇಲೆ ಆರ್ಮಿ ನಂಬರ್, ರ‍್ಯಾಂಕ್, ಆಮೇಲೆ ‘ಭೀಮ್ ರಾಯ್ ಅಲಿಯಾಸ್ ಭೀಮರಾಯ’. ನಂಬರ್ ಒಂದು ಸರಿ ಇದ್ದರೆ ಮನುಷ್ಯ ಸಿಕ್ಕೇ ಸಿಗ್ತಾನೆ. ಅಲ್ಲಿ ಹೆಸರು ನೋಡಿ ಫೈಲ್ ತೆಗೆಯಲ್ಲ, ನಂಬರ್ ನೋಡಿ ತೆಗೀತಾರೆ. ಆರ್ಮಿ ನಂಬರ್ ಬರೆಯದ ಅರ್ಜಿ ದೇವರಿಗೆ ಬರೆದ ಕಾಗದ ಇದ್ದ ಹಾಗೆ.

ಬೀದರ್ ಏರ್‌ಮನ್
ಇದು ಭೂಸೇನೆಯ ವಿಷಯ ಅಂತ ಗೊತ್ತು, ಆದರೂ ಓದುವ ಬೇರೆಯವರಿಗಾಗಿ ಬರೀತೀನಿ. ವಾಯುಪಡೆಯಲ್ಲಿ ಪಾರ್ಟ್ ಟೂ ಆರ್ಡರ್ ಇಲ್ಲ, ಪಿಒಆರ್ ಅಂತಾರೆ. ನಮ್ಮ ದಾಖಲೆ ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿ. ನೌಕಾಪಡೆಯ ನಾವಿಕರದು ಮುಂಬೈಯಲ್ಲಿ. ಬೀದರಿನವರು ಕೆಲವರು ಇಲ್ಲಿನ ಏರ್‌ಫೋರ್ಸ್ ಸ್ಟೇಷನ್ ಗೇಟಿಗೇ ಹೋಗಿ ನಿಲ್ಲುತ್ತಾರೆ. ಅಲ್ಲಿರೋದು ಪೈಲಟ್‌ಗಳ ತರಬೇತಿ, ನಿಮ್ಮ ಮಾವನ ಸರ್ವಿಸ್ ಬುಕ್ ಅಲ್ಲ.

ತೊಗರಿ ಕಣಜ
ಸೂರ್ಯಕಿರಣ್ ವಿಮಾನ ಪ್ರದರ್ಶನ ತಂಡವೂ ಬೀದರಿನದೇ ಅಲ್ವಾ? ಚಿಕ್ಕವನಿದ್ದಾಗ ಹುಮನಾಬಾದ್‌ನಿಂದ ನೋಡ್ತಿದ್ದೆ.

ಬೀದರ್ ಏರ್‌ಮನ್
ಹೌದು, ಬೀದರೇ ಅದರ ನೆಲೆ. ಆದರೆ ವಿಷಯಕ್ಕೆ ಬನ್ನಿ 🙂

ಸುರಪುರ ಸುಬೇದಾರ್
ರೆಕಾರ್ಡ್ ಆಫೀಸ್ ಎಲ್ಲಿದೆ ಅನ್ನೋದೇ ಎಷ್ಟೋ ಮನೆಯವರಿಗೆ ಗೊತ್ತಿರಲ್ಲ. ನಮ್ಮ ಕಡೆಯವರು ಜಾಸ್ತಿ ಇರುವ ಕಡೆ ಹೇಳ್ತೀನಿ. ಎಂಇಜಿ (ಮದ್ರಾಸ್ ಎಂಜಿನಿಯರ್ಸ್), ಎಎಸ್‌ಸಿ (ಸರಬರಾಜು ದಳ) ದಕ್ಷಿಣ ವಿಭಾಗ, ಎರಡೂ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲ್ಲಿಂಗ್ಟನ್. ಇಎಂಇ (ಯಂತ್ರ ದುರಸ್ತಿ ದಳ) ಸಿಕಂದರಾಬಾದ್. ಆರ್ಟಿಲರಿ ನಾಸಿಕ್ ರೋಡ್. ಸಿಗ್ನಲ್ಸ್ ಜಬಲ್ಪುರ. ಮೆಡಿಕಲ್ ಕೋರ್ ಲಖನೌ.

ಮಿಲಿಟರಿ ಬಿಟ್ಟ ಮೇಲೆ ಡಿಎಸ್‌ಸಿಯಲ್ಲಿ (ರಕ್ಷಣಾ ನೆಲೆಗಳ ಕಾವಲು ದಳ) ಮತ್ತೆ ನೌಕರಿ ಮಾಡಿದವರದು ಇನ್ನೂ ಮಜಾ. ಅವರ ಎರಡನೇ ದಾಖಲೆ ಕಣ್ಣೂರಿನಲ್ಲಿ. ಎರಡು ಪಿಂಚಣಿ ಇದ್ದರೆ ಎರಡು ಪಿಪಿಒ. ಒಂದರಲ್ಲಿ ಹೆಂಡತಿ ಹೆಸರು ಸರಿ ಮಾಡಿಸಿ ಇನ್ನೊಂದರಲ್ಲಿ ಬಿಟ್ಟ ಗೆಳೆಯ ಒಬ್ಬ ಇದ್ದ. ಕಾಗದದ ಮೇಲೆ ಅವನಿಗೆ ಇಬ್ಬರು ಹೆಂಡಿರು.

ಅಕ್ಕನ ಮಾತು
ಎಲ್ಲರೂ ಮಿಲಿಟರಿ ಕ್ಲರ್ಕ್‌ಗೆ ಬಯ್ತಿದ್ದೀರಿ. ಶಾಂತಮ್ಮನನ್ನು ಮಹಾದೇವಿ ಮಾಡಿದ್ದು ಯಾವ ಕ್ಲರ್ಕ್? ಮನೆಯವರೇ ಅಲ್ವಾ? ಇಪ್ಪತ್ತು ವರ್ಷ ಒಂದು ಹೆಸರಲ್ಲಿ ಕರೆಸಿಕೊಂಡ ಹುಡುಗಿಗೆ ಮದುವೆ ದಿನ ಬೇರೆ ಹೆಸರು. ಶಾಲೆ ಟಿಸಿಯಲ್ಲಿ ಒಂದು, ರೇಷನ್ ಕಾರ್ಡಲ್ಲಿ ಒಂದು. ನನಗೂ ಇಟ್ಟರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನ ಹೆಸರು ಬಿಡಲ್ಲ ಅಂತ ನಾನು ಹಟ ಹಿಡಿದೆ. ಅತ್ತೆ ಇವತ್ತಿಗೂ ಅವರಿಟ್ಟ ಹೆಸರಲ್ಲೇ ಕರೀತಾರೆ, ನಾನು ಓ ಅಂತೀನಿ, ಆದರೆ ಸಹಿ ನನ್ನದೇ.

ಕಾನೂನು ಕಾಕಾ
ತಾಯೀ, ಸಂಪ್ರದಾಯ ಅದು. ಪ್ರೀತಿಯಿಂದ ಇಡೋದು.

ಅಕ್ಕನ ಮಾತು
ಕಾಕಾ, ಪ್ರೀತಿ ಇದ್ದರೆ ಅಫಿಡವಿಟ್ ಖರ್ಚೂ ಅವರೇ ಕೊಡಲಿ.

ಸೇಡಂ ಕಲ್ಲು
😂😂

ಭಾಲ್ಕಿ ಮೊಮ್ಮಗ
ನಗುವ ವಿಷಯ ಅಲ್ಲ ಅಂತ ನಮ್ಮ ಮನೆಯಲ್ಲಿ ಗೊತ್ತಾಯ್ತು. ನಮ್ಮ ಅಜ್ಜನ ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ರಜೆಯಲ್ಲಿ ಬಂದಾಗ ಎರಡನೇ ಮದುವೆ ಮಾಡಿದರು. ಅವರೇ ನಮ್ಮ ಅಜ್ಜಿ. ಅಜ್ಜ ಯೂನಿಟ್‌ಗೆ ವಾಪಸ್ ಹೋಗಿ ಹೇಳಲೇ ಇಲ್ಲ. ಮೊದಲನೇ ಹೆಂಡತಿ ಹೆಸರು ಹಾಗೇ ಉಳೀತು. ಅಜ್ಜ ಹೋದ ಮೇಲೆ ಅಜ್ಜಿ ಪಿಂಚಣಿ ಕೇಳಿದರೆ ‘ಈ ಹೆಸರಿನವರು ನೀವಲ್ಲ’ ಅಂದರು. ಮೊದಲ ಅಜ್ಜಿಯ ಮರಣ ಪ್ರಮಾಣಪತ್ರ ಎಲ್ಲಿಂದ ತರೋದು? ಆಗ ಹಳ್ಳಿಯಲ್ಲಿ ಯಾರು ಬರೆಸುತ್ತಿದ್ದರು? ತಹಸೀಲ್ದಾರ್, ಪಂಚಾಯಿತಿ, ವಂಶಾವಳಿ, ಊರ ಹಿರಿಯರ ಹೇಳಿಕೆ ಅಂತ ಮೂರು ವರ್ಷ ಓಡಾಡಿದೆವು. ಹಣ ಬಂತು, ಬಾಕಿ ಸಮೇತ ಬಂತು. ಆದರೆ ಆ ಮೂರು ವರ್ಷ ಅಜ್ಜಿ ‘ನಾನು ಅವರ ಹೆಂಡತಿ ಅಲ್ಲ ಅಂತ ಬರೆದಿದ್ದಾರಂತೆ’ ಅಂತ ಬಂದವರಿಗೆಲ್ಲ ಹೇಳಿ ಅಳುತ್ತಿದ್ದರು.

ಜೇವರ್ಗಿ ಅಕ್ಕ, ನಿಮ್ಮಪ್ಪ ಇದ್ದಾರೆ. ಅವರ ಒಂದು ಸಹಿಗೆ ಆಗುವ ಕೆಲಸ ಆಮೇಲೆ ಹತ್ತು ಸಾಕ್ಷಿಗೂ ಆಗಲ್ಲ. ಈಗಲೇ ಮಾಡಿಸಿ.

ಜೇವರ್ಗಿ ಮಗಳು
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಹಾಕು ಅರ್ಜಿ” ಅಂದರು.

ಸಿಎಸ್‌ಸಿ ಶಹಾಪುರ
ನಾನು ಸಾಮಾನ್ಯ ಸೇವಾ ಕೇಂದ್ರ ನಡೆಸ್ತೀನಿ. ಅವ್ವನ ಹುಟ್ಟಿದ ದಿನಾಂಕ ಖಾಲಿ ಅಂದ್ರಲ್ಲ, ಅದನ್ನು ಹಗುರವಾಗಿ ತಗೋಬೇಡಿ. 80 ವರ್ಷ ತುಂಬಿದ ಮೇಲೆ ಪಿಂಚಣಿಗೆ 20% ಹೆಚ್ಚುವರಿ ಸೇರುತ್ತೆ. 85ಕ್ಕೆ 30%, 90ಕ್ಕೆ 40%, 95ಕ್ಕೆ 50%, 100 ತುಂಬಿದರೆ ಪೂರ್ತಿ 100%. ಕುಟುಂಬ ಪಿಂಚಣಿಗೂ ಇದೆ. ದಿನಾಂಕವೇ ಇಲ್ಲದಿದ್ದರೆ ಯಾವಾಗ 80 ಆಯ್ತು ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತೆ?

ಮತ್ತೆ, ಯಾರಾದರೂ ಏಜೆಂಟ್ ‘ಸ್ಪರ್ಶ್ ಸರಿ ಮಾಡಿಕೊಡ್ತೀನಿ, ಓಟಿಪಿ ಹೇಳಿ’ ಅಂದರೆ ಫೋನ್ ಇಡಿ. ಇಲ್ಲಿ ಒಬ್ಬ ಅಜ್ಜನ ಖಾತೆ ಹೀಗೇ ಖಾಲಿಯಾಯಿತು.

ತೊಗರಿ ಕಣಜ
ಹಾಗಾದರೆ ಅಪ್ಪನ ಹುಟ್ಟಿದ ದಿನಾಂಕವನ್ನೂ ಇದೇ ಅರ್ಜಿಯಲ್ಲಿ ಎರಡು ವರ್ಷ ಹಿಂದೆ ಹಾಕಿಸಿಬಿಡಿ, ಬೇಗ 80 ಆಗುತ್ತೆ 😜

ನಿವೃತ್ತ ಹೆಡ್ ಕ್ಲರ್ಕ್
ತಮಾಷೆಗೂ ಬೇಡ. ಸೈನಿಕನ ಹುಟ್ಟಿದ ದಿನಾಂಕ ಅಂದರೆ ಭರ್ತಿಯಲ್ಲಿ ಬರೆದದ್ದೇ ಕೊನೆ. ಪಿಂಚಣಿ ಬಂದ ಮೇಲೆ ಅದನ್ನು ಮುಟ್ಟೋಕೆ ಯಾರೂ ಒಪ್ಪಲ್ಲ. ಅಂಥ ಅರ್ಜಿ ಜೊತೆಗೆ ಸೇರಿಸಿದರೆ ಒಳ್ಳೆ ಅರ್ಜಿಯ ಮೇಲೂ ಅನುಮಾನ ಬರುತ್ತೆ.

ಸೇಡಂ ಕಲ್ಲು
ಆರ್ಮಿ ಚೀಫ್ ಒಬ್ಬರು ಹುಟ್ಟಿದ ವರ್ಷಕ್ಕಾಗಿ ಕೋರ್ಟಿಗೆ ಹೋಗಿ ಗೆದ್ದಿದ್ದರಲ್ವಾ?

ಕಾನೂನು ಕಾಕಾ
ಗೆಲ್ಲಲಿಲ್ಲ. ಜನರಲ್ ವಿ.ಕೆ. ಸಿಂಗ್. ಸೇನೆಯ ಒಂದು ಶಾಖೆಯ ದಾಖಲೆಯಲ್ಲಿ 1950, ಇನ್ನೊಂದರಲ್ಲಿ 1951. ಅವರು 1951 ಅಂತ ವಾದಿಸಿದರು. ಸುಪ್ರೀಂ ಕೋರ್ಟಿನಲ್ಲಿ 2012ರ ಫೆಬ್ರವರಿ 10ರಂದು ಅರ್ಜಿ ಹಿಂದೆ ತಗೊಂಡರು. 1950 ಅಂತಲೇ ಲೆಕ್ಕ ಆಯ್ತು, ಆ ಮೇ 31ಕ್ಕೆ ನಿವೃತ್ತಿ. ದಂಡನಾಯಕನಿಗೇ ಒಂದು ವರ್ಷ ಸಿಗಲಿಲ್ಲ, ನಿಮ್ಮ ನಮ್ಮ ಮಾತೇನು.

ಆಳಂದ ಮೇಷ್ಟ್ರು
ಹುಟ್ಟಿದ ದಿನಾಂಕ ಅಂದಾಗ ನೆನಪಾಯ್ತು. ನಮ್ಮ ಭಾಗದ ಹಳೇ ತಲೆಗಳದು ಬೇರೆಯೇ ತೊಡಕು. 1948ರವರೆಗೆ ನಾವು ನಿಜಾಮರ ರಾಜ್ಯ. ಶಾಲೆ ದಾಖಲೆ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ (ಆಗಿನ ಕಂದಾಯ ವರ್ಷದ ಲೆಕ್ಕ). ನಮ್ಮ ತಂದೆಯ ಸರ್ಟಿಫಿಕೇಟಿನಲ್ಲಿ 1348 ಅಂತಿತ್ತು. ಅದಕ್ಕೆ 590 ಕೂಡಿಸಿದರೆ 1938. ಆದರೆ ಹೈದರಾಬಾದ್ ಫಸಲಿ ವರ್ಷ ಶುರುವಾಗೋದು ಅಕ್ಟೋಬರ್ ಸುಮಾರಿಗೆ. ಹಾಗಾಗಿ ಬೇಸಿಗೆಯಲ್ಲಿ ಹುಟ್ಟಿದವರಿಗೆ 591 ಕೂಡಿಸಬೇಕು, ಅಂದರೆ 1939. ಭರ್ತಿ ಮಾಡಿದವರಿಗೆ ಇದೆಲ್ಲ ಎಲ್ಲಿ ಗೊತ್ತು? 1938 ಅಂತ ಬರೆದರು. ಅಪ್ಪ ಒಂದು ವರ್ಷ ಮೊದಲೇ ದೊಡ್ಡವರಾದರು. ಅವರಿಗೆ ಅದರ ಬಗ್ಗೆ ಬೇಜಾರಿರಲಿಲ್ಲ, ‘ಸರ್ಕಾರ ಒಂದು ವರ್ಷ ಆಯುಷ್ಯ ಜಾಸ್ತಿ ಕೊಟ್ಟಿದೆ’ ಅಂತಿದ್ದರು.

ಯಾದಗಿರಿ ರೈತ
ಈಗ ಬಂದೆ. ಆಧಾರ್ ಯಾಕೆ ಮುಟ್ಟಬಾರದು ಅಂದರೆ: ನಮ್ಮ ದೊಡ್ಡಪ್ಪ ಮಿಲಿಟರಿ ಹೆಸರಿಗೆ ಹೊಂದಲಿ ಅಂತ ಆಧಾರ್ ಬದಲಿಸಿದರು. ಪಿಂಚಣಿ ಸರಿಯಾಯ್ತು. ಪಹಣಿಗೆ ಆಧಾರ್ ಜೋಡಿಸೋಕೆ ಗ್ರಾಮ ಆಡಳಿತಾಧಿಕಾರಿ ಬಂದಾಗ ಹೊಲದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು. ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೂ ತಕರಾರು. ಒಂದು ತೂತು ಮುಚ್ಚೋಕೆ ಹೋಗಿ ನಾಲ್ಕು ತೂತು. ಮತ್ತೆ ವಾಪಸ್ ಬದಲಿಸಿದರು. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಎರಡೇ ಸಲ ಅವಕಾಶ. ಎರಡೂ ಮುಗೀತು.

ಸಿಎಸ್‌ಸಿ ಶಹಾಪುರ
ಹೊಲ ಇಲ್ಲದವರಿಗೆ ಆಧಾರ್ ಬದಲಿಸೋದೇ ಸುಲಭ ಅಣ್ಣಾ. ಒಂದೇ ಅಕ್ಷರ ಹೆಚ್ಚುಕಡಿಮೆ ಇದ್ದರೆ ನಾನೂ ಅದನ್ನೇ ಹೇಳ್ತೀನಿ. ಎಲ್ಲರಿಗೂ ಒಂದೇ ಔಷಧಿ ಇಲ್ಲ.

ಯಾದಗಿರಿ ರೈತ
ಅದೂ ಸರಿ. ಇವರಿಗೆ ಹೊಲ ಇದ್ದಂಗಿದೆ ಅಂತ ಹೇಳಿದೆ.

ಜೇವರ್ಗಿ ಮಗಳು
ಇದೆ ಅಣ್ಣಾ, ಆರು ಎಕರೆ. ತೊಗರಿ. ಪಹಣಿ ‘ಭೀಮರಾಯ ತಂದೆ ಸಾಬಣ್ಣ’ ಅಂತಲೇ ಇದೆ. ಹಾಗಾದರೆ ಆಧಾರ್ ಮುಟ್ಟಲ್ಲ.

ಗುರುಮಠಕಲ್ ಪಯಣಿಗ
ನಮ್ಮ ಮಾವನ ಡಿಸ್ಚಾರ್ಜ್ ಬುಕ್‌ನಲ್ಲಿ ಜಿಲ್ಲೆ ಗುಲ್ಬರ್ಗಾ, ರಾಜ್ಯ ಮೈಸೂರು ಅಂತಿದೆ. ಈಗ ಯಾದಗಿರಿ ಜಿಲ್ಲೆ, ಕರ್ನಾಟಕ. ಇದನ್ನೂ ತಿದ್ದಿಸಬೇಕಾ?

ಸುರಪುರ ಸುಬೇದಾರ್
ಅದು ತಪ್ಪಲ್ಲ ಮಾರಾಯ್ರೇ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರಲ್ಲಿ. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಕೊನೆಗೆ. ಗುಲ್ಬರ್ಗಾ ಕಲಬುರಗಿ ಆದದ್ದು 2014ರಲ್ಲಿ. ಬರೆದ ದಿನ ಅದು ಸರಿಯೇ ಇತ್ತು. ಹಳೇದನ್ನು ಬಿಡಿ, ಈಗಿನ ವಿಳಾಸ ಅಂತ ಹೊಸದು ಕೊಡಿ, ಅಷ್ಟೇ.

ಅಂದ ಹಾಗೆ ನನ್ನ ಡಿಸ್ಚಾರ್ಜ್ ಬುಕ್‌ನಲ್ಲಿ ಎತ್ತರ 5 ಅಡಿ 11 ಇಂಚು ಅಂತಿದೆ. ನಾನು 5 ಅಡಿ 6. ಅದನ್ನು ನಾನು ತಿದ್ದಿಸಲ್ಲ.

ಸೇಡಂ ಕಲ್ಲು
ಸುಬೇದಾರ್ ಸಾಹೇಬರಿಗೆ ಒಂದು ಸೆಲ್ಯೂಟ್ 🫡 ಇಷ್ಟೆಲ್ಲ ತಪ್ಪಿದ್ದರೂ ಕ್ಯಾಂಟೀನ್ ಕಾರ್ಡ್ ಮಾತ್ರ ಎಲ್ಲರದೂ ಸರಿ ಇರುತ್ತಲ್ವಾ, ಅದು ಹೇಗೆ?

ಬೀದರ್ ಏರ್‌ಮನ್
ರಮ್ಮಿನ ವಿಷಯದಲ್ಲಿ ಯಾರೂ ಉದಾಸೀನ ಮಾಡಲ್ಲ.

ಕಾನೂನು ಕಾಕಾ
ಮತ್ತೆ ವಿಷಯಕ್ಕೆ. ಅವ್ವನ ಹೆಸರು ಪೂರ್ತಿ ಬೇರೆ ಇರೋದರಿಂದ ಬರೀ ಅಫಿಡವಿಟ್ ಸಾಲದೆ ಇರಬಹುದು. ಪತ್ರಿಕೆ ಜಾಹೀರಾತು, ಗೆಜೆಟ್ ಎರಡೂ ಮಾಡಿಸಿಟ್ಟುಕೊಳ್ಳಿ.

ನಿವೃತ್ತ ಹೆಡ್ ಕ್ಲರ್ಕ್
ಕಾಕಾ, ಅವಸರ ಬೇಡ. ಮೊದಲೇ ಗೆಜೆಟ್‌ಗೆ ದುಡ್ಡು ಸುರಿಯೋದು ಯಾಕೆ? ‘ಶಾಂತಮ್ಮ, ಮಹಾದೇವಿ ಇಬ್ಬರೂ ಒಬ್ಬರೇ’ ಅಂತ ಅಪ್ಪ ಒಂದು, ಅವ್ವ ಒಂದು ಅಫಿಡವಿಟ್ ಕೊಡಲಿ. ಜೊತೆಗೆ ಆಧಾರ್, ಪ್ಯಾನ್, ಇಬ್ಬರ ಜಂಟಿ ಖಾತೆ ಪಾಸ್‌ಬುಕ್, ಜಂಟಿ ಫೋಟೊ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ನಕಲು. ಕಲಬುರಗಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ತೋರಿಸಿ, ಅವರ ಮೇಲುಸಹಿ ಹಾಕಿಸಿ ಕಳಿಸಿ. ಗೆಜೆಟ್ ಬೇಕೇ ಬೇಕು ಅಂತ ರೆಕಾರ್ಡ್ ಆಫೀಸು ಬರೆದು ಕೇಳಿದರೆ ಆಗ ಮಾಡಿಸಿ. ಕೇಳದೆ ಕೊಟ್ಟ ಕಾಗದಕ್ಕೆ ಬೆಲೆ ಇಲ್ಲ.

ಕಾನೂನು ಕಾಕಾ
ನಾನು ವಕೀಲ, ನೀವು ಕ್ಲರ್ಕ್. ನನಗೆ ಕಾಗದ ಜಾಸ್ತಿ ಇದ್ದಷ್ಟೂ ಧೈರ್ಯ, ನಿಮಗೆ ಕಮ್ಮಿ ಇದ್ದಷ್ಟೂ ಸಂತೋಷ. ಇರಲಿ, ಈ ಸಲ ನಿಮ್ಮ ಮಾತೇ ನಡೀಲಿ.

ಚಿಂಚೋಳಿ ವಿದ್ಯಾರ್ಥಿ
ಇಷ್ಟು ಕಷ್ಟ ಯಾಕೆ? ಕೋರ್ಟಿಗೆ ಹಾಕಿದರೆ ಒಂದೇ ಏಟಿಗೆ ಆಗಲ್ವಾ? ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆಯಲ್ಲ.

ಕಾನೂನು ಕಾಕಾ
ಸೈನಿಕರ ಸೇವಾ ವಿಷಯಕ್ಕೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅಂತ ಬೇರೆಯೇ ಇದೆ. 2007ರ ಕಾಯ್ದೆ, 2009ರಿಂದ ನಡೀತಿದೆ. ಕರ್ನಾಟಕ ಬರೋದು ಕೊಚ್ಚಿ ಪೀಠಕ್ಕೆ. ಅದು ಕೊನೇ ಬಾಗಿಲು. ಒಂದು ಹೆಸರಿಗಾಗಿ ಈಗಲೇ ಕೊಚ್ಚಿವರೆಗೆ ಯಾಕೆ ಹೋಗಬೇಕು?

ಜೇವರ್ಗಿ ಮಗಳು
ಏಳು ವಾರ ಆದ ಮೇಲೆ ಬರೀತಿದ್ದೀನಿ. ಆರ್‌ಟಿಐಗೆ ಉತ್ತರ ಬಂತು!! ಒಂಬತ್ತು ಹಾಳೆ.

ಒಂದು: ಮದುವೆಯ ಪಾರ್ಟ್ ಟೂ ಆರ್ಡರ್‌ನಲ್ಲಿ ‘ಶಾಂತಮ್ಮ’ ಅಂತ ಸರಿಯಾಗೇ ಇದೆ. ಪಿಪಿಒಗೆ ಹೋಗುವಾಗ ಎಲ್ಲೋ ಶಾಂತಿ ದೇವಿ ಆಗಿದ್ದಾರೆ. ಹೆಡ್ ಕ್ಲರ್ಕ್ ಸರ್ ಹೇಳಿದ ಹಾಗೇ.

ಎರಡು: ಅಪ್ಪನ ಎನ್‌ರೋಲ್‌ಮೆಂಟ್ ಫಾರ್ಮ್. ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು ‘ಭೀಮ್ ರಾಯ್’. ಅಂದರೆ ತಪ್ಪು ಮೊದಲ ದಿನದಿಂದಲೇ ಇದೆ. ಆದರೆ ಕೆಳಗೆ ಸಹಿ ಕನ್ನಡದಲ್ಲಿ. ‘ಭೀಮರಾಯ ತಂದೆ ಸಾಬಣ್ಣ, ಗುಲ್ಬರ್ಗಾ’. ದುಂಡಗೆ, ಶಾಲೆ ಹುಡುಗನ ಅಕ್ಷರ. ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. “ಇದು ನನ್ನ ಅಕ್ಷರ ಅಲ್ಲ, ನಾನು ಇಷ್ಟು ಚಂದ ಬರೆಯಲ್ಲ” ಅಂದರು. ಅವ್ವ ಪಕ್ಕದಲ್ಲಿ ಕೂತು ಜೋಳ ಹಸನು ಮಾಡ್ತಿದ್ದಳು. “ನಿಮ್ಮದೇ, ನನಗೆ ಕಾಗದ ಬರೀತಿದ್ದಿರಲ್ಲ, ಹಿಂಗೇ ಇರ್ತಿತ್ತು” ಅಂದಳು.

ಅಕ್ಕನ ಮಾತು
ಆ ಕಾಗದಗಳಲ್ಲಿ ಯಾವ ಹೆಸರು ಹಾಕಿ ಬರೀತಿದ್ದರಂತೆ? ಶಾಂತಮ್ಮನಾ, ಮಹಾದೇವಿನಾ?

ಜೇವರ್ಗಿ ಮಗಳು
ಕೇಳಿದೆ ಅಕ್ಕ. “ಹೆಸರು ಯಾಕೆ ಹಾಕ್ತಾರ, ಮನೆಯವರೆಲ್ಲ ಓದೋ ಕಾಗದ” ಅಂತ ನಕ್ಕಳು. ‘ಮನೆಯಲ್ಲಿ ಎಲ್ಲರಿಗೂ’ ಅಂತ ಶುರುವಾಗುತ್ತಿತ್ತಂತೆ.

ನಿವೃತ್ತ ಹೆಡ್ ಕ್ಲರ್ಕ್
ತಂಗಿ, ಆ ಕನ್ನಡ ಸಹಿ ಚಿನ್ನ. ಅವರದೇ ಕಡತದಲ್ಲಿ, ಮೊದಲ ದಿನದ ಹಾಳೆಯಲ್ಲಿ, ಸೈನಿಕ ತನ್ನ ಹೆಸರು ತಾನೇ ಬರೆದಿದ್ದಾನೆ. ಇದಕ್ಕಿಂತ ಪುರಾವೆ ಬೇಡ. ಆ ಹಾಳೆಯ ನಕಲು, ಅದರ ಇಂಗ್ಲಿಷ್ ಅನುವಾದ ನೋಟರಿ ಮಾಡಿಸಿ ಲಗತ್ತಿಸಿ. ಎರಡು ಅರ್ಜಿ ಬೇರೆ ಬೇರೆ ಬರೆಯಿರಿ. ಅವ್ವನದರಲ್ಲಿ ‘ನಿಮ್ಮ ಪಾರ್ಟ್ ಟೂ ಆರ್ಡರ್‌ನಲ್ಲಿ ಹೀಗಿದೆ, ಪಿಪಿಒದಲ್ಲಿ ಹೀಗಿದೆ’ ಅಂತ ತೋರಿಸಿ, ‘ಶಾಂತಮ್ಮ ಅಲಿಯಾಸ್ ಮಹಾದೇವಿ’ ಅಂತ ಮಾಡಿ ಅಂತ ಕೇಳಿ. ಹುಟ್ಟಿದ ದಿನಾಂಕವನ್ನೂ ಅದರಲ್ಲೇ ಕೇಳಿ. ಅಪ್ಪನದರಲ್ಲೂ ಅಲಿಯಾಸ್ ಅಂತಲೇ ಕೇಳಿ. ಹಳೇ ಹೆಸರು ಕಿತ್ತು ಹಾಕಿ ಅಂತ ಕೇಳಬೇಡಿ.

ಜೇವರ್ಗಿ ಮಗಳು
ಅಪ್ಪನೂ ಅದನ್ನೇ ಹೇಳಿದರು. ಅವರಿಗೆ ಒಂದೇ ಭಯ ಇತ್ತು. ಅವರ ಮೆಡಲ್ ಅಂಚಿನಲ್ಲಿ ನಂಬರ್ ಜೊತೆ ‘ಭೀಮ್ ರಾಯ್’ ಅಂತ ಕೊರೆದಿದೆ. ಕಾಗದ ತಿದ್ದಿದರೆ ಮೆಡಲ್ ಬೇರೆ ಯಾರದೋ ಆಗಿಬಿಡುತ್ತೆ ಅಂದುಕೊಂಡಿದ್ದರು. ಯೂನಿಟ್‌ನಲ್ಲಿ ಎಲ್ಲರೂ ‘ರಾಯ್ ಸಾಬ್’ ಅಂತಲೇ ಕರೆಯುತ್ತಿದ್ದರಂತೆ. ಹೊಸದಾಗಿ ಬಂದವರು ನೇಪಾಳದ ರಾಯ್ ಅಂದುಕೊಂಡು ಗೋರ್ಖಾಲಿಯಲ್ಲಿ ಮಾತಾಡಿಸುತ್ತಿದ್ದರಂತೆ. ಈಗಲೂ ವರ್ಷಕ್ಕೊಮ್ಮೆ ಪಂಜಾಬಿನಿಂದ ಒಬ್ಬರು ಫೋನ್ ಮಾಡಿ “ರಾಯ್ ಸಾಬ್ ಹೈ?” ಅಂತಾರೆ. ಆ ಹೊತ್ತಿಗೆ ಅಪ್ಪನ ದನಿಯೇ ಬೇರೆ ಆಗುತ್ತೆ.

ಸುರಪುರ ಸುಬೇದಾರ್
ನಮಸ್ಕಾರ ಹೇಳಿ ರಾಯ್ ಸಾಬ್ ಅವರಿಗೆ. ಮೆಡಲ್ ಯಾರೂ ಮುಟ್ಟಲ್ಲ. ನಂಬರ್ ಅದೇ ಇರುತ್ತೆ, ಮೆಡಲ್ ಅವರದೇ.

ಭಾಲ್ಕಿ ಮೊಮ್ಮಗ
ಅರ್ಜಿ ಕಳಿಸುವ ಮೊದಲು ಪ್ರತಿ ಹಾಳೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ನಮ್ಮದು ಒಂದು ಸಲ ಪೂರ್ತಿ ಕಟ್ಟೇ ಕಾಣೆಯಾಗಿತ್ತು. ಸ್ಪೀಡ್ ಪೋಸ್ಟ್ ರಸೀದಿಯನ್ನೂ. ಎರಡು ತಿಂಗಳು ಸುದ್ದಿ ಇಲ್ಲದಿದ್ದರೆ ಕೇಂದ್ರದ ಸಾರ್ವಜನಿಕ ದೂರು ಪೋರ್ಟಲ್‌ನಲ್ಲಿ ಹಾಕಿ, ಆ ರಸೀದಿ ನಂಬರ್ ಸಮೇತ.

ಜೇವರ್ಗಿ ಮಗಳು
ಆಯ್ತು ಅಣ್ಣಾ. ಸೋಮವಾರ ಅಫಿಡವಿಟ್, ಮಂಗಳವಾರ ಸೈನಿಕ ಕಚೇರಿ. ಒಂದೇ ಸಮಸ್ಯೆ ಉಳಿದಿದೆ. ಜಂಟಿ ಫೋಟೊ ತೆಗೆಸೋಕೆ ಸೂಪರ್ ಮಾರ್ಕೆಟ್ ಹತ್ತಿರದ ಸ್ಟುಡಿಯೋಗೆ ಕರೆದುಕೊಂಡು ಬಂದಿದ್ದೀನಿ. ಅಪ್ಪ ಮಿಲಿಟರಿ ಟೋಪಿ ತಂದಿದ್ದಾರೆ. ತೆಗೆಯಲ್ಲ ಅಂತ ಕೂತಿದ್ದಾರೆ. ಟೋಪಿ ಇದ್ದರೆ ನಡೆಯುತ್ತಾ?

ನಿವೃತ್ತ ಹೆಡ್ ಕ್ಲರ್ಕ್
ಅರ್ಜಿಗೆ ನಡೆಯಲ್ಲ. ಬರಿತಲೆ, ಹಿಂದೆ ಬಿಳಿ ಪರದೆ. ಮೊದಲು ಟೋಪಿ ಹಾಕಿಸಿ ಒಂದು ತೆಗೆಸಿ, ಆಮೇಲೆ ತಾನೇ ತೆಗೀತಾರೆ.

ಅಕ್ಕನ ಮಾತು
ಅವ್ವನಿಗೂ ಒಂದು ಬೇರೆ ಫೋಟೊ ತೆಗೆಸಿ. ಹಿಂದೆ ‘ಶಾಂತಮ್ಮ’ ಅಂತ ಬರೆದು ಕೊಡಿ.

ಜೇವರ್ಗಿ ಮಗಳು
ಟೋಪಿ ಫೋಟೊ ಆಯ್ತು. ಈಗ ತೆಗೆದಿದ್ದಾರೆ. ಕೂದಲು ಬಾಚೋಕೆ ಹಣಿಗೆ ಕೇಳ್ತಿದ್ದಾರೆ, ತಲೆಯಲ್ಲಿ ಹತ್ತು ಕೂದಲು ಇಲ್ಲ 😄 ಆಮೇಲೆ ಬರೀತೀನಿ.

ಗುರುಮಠಕಲ್ ಪಯಣಿಗ
ಇಲ್ಲೇ ಒಂದು ಕೇಳ್ತೀನಿ. ನಮ್ಮ ಮಾವನ ಪಿಪಿಒದಲ್ಲಿ ಮಗಳ ಹೆಸರೇ ಇಲ್ಲ, ಗಂಡ ತೀರಿಕೊಂಡು ತವರಲ್ಲೇ ಇದ್ದಾಳೆ. ಮುಂದೆ ಅವಳಿಗೆ ಕುಟುಂಬ ಪಿಂಚಣಿ ಬರುತ್ತಾ?

ನಿವೃತ್ತ ಹೆಡ್ ಕ್ಲರ್ಕ್
ವಿಧವೆ ಮಗಳಿಗೆ ಅವಕಾಶ ಇದೆ, ಶರತ್ತುಗಳಿವೆ. ಆದರೆ ಹೆಸರು ಈಗಲೇ ಸೇರಿಸಬೇಕು. ಮಾವ ಇದ್ದಾರಾ? ಆರ್ಮಿ ನಂಬರ್ ಇದೆಯಾ? ಹೊಸದಾಗಿ ಬೇರೆ ಚರ್ಚೆ ಹಾಕಿ, ಅಲ್ಲಿ ಹೇಳ್ತೀನಿ.